ಒಂದೇ ಸೂರಿನಡಿ ಬಾಳಿದವರ ಹಕ್ಕು

ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿ ಇಬ್ಬರು ವೃದ್ಧ ಅಕ್ಕತಂಗಿಯರಿದ್ದರು. ಇಬ್ಬರೂ ಮದುವೆಯಾಗದೆ, ಹೆತ್ತವರಿಂದ ಬಂದ ಜಮೀನಿನಲ್ಲಿ ಮನೆ ಕಟ್ಟಿಕೊಂಡು ಬದುಕಿದ್ದಷ್ಟು ಕಾಲವೂ ಜೊತೆಗೇ ಇದ್ದವರು. ಒಬ್ಬರು ತೀರಿಕೊಂಡರೆ ಶೇ 40ರ ವಾರಸು ತೆರಿಗೆ ಕಟ್ಟಲು ಉಳಿದವರು ಮನೆಯನ್ನೇ ಮಾರಬೇಕಾದೀತೆಂಬುದು ಅವರ ಆತಂಕ. ಗಂಡ ಹೆಂಡತಿಗೆ ಆ ತೆರಿಗೆಯಿಂದ ವಿನಾಯಿತಿ ಇತ್ತು. 2004ರ ಕಾಯ್ದೆಯಡಿ ನೋಂದಾಯಿಸಿಕೊಂಡ ಸಲಿಂಗ ಸಂಗಾತಿಗಳಿಗೂ ನ್ಯಾಯವಾಗಿಯೇ ಅದು ಸಿಕ್ಕಿತ್ತು. ಒಡಹುಟ್ಟಿದವರಿಗೆ ಮಾತ್ರ ಆ ಬಾಗಿಲು ತೆರೆಯಲಿಲ್ಲ. ಅಕ್ಕತಂಗಿಯರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋದರು; 2008ರಲ್ಲಿ ಹದಿನೇಳು ನ್ಯಾಯಮೂರ್ತಿಗಳಲ್ಲಿ ಹದಿನೈದು ಮಂದಿ ಅವರ ಮನವಿಯನ್ನು ಒಪ್ಪಲಿಲ್ಲ.

ಅಷ್ಟರಲ್ಲಾಗಲೇ ಕೆನಡಾದಲ್ಲಿ ಬೇರೊಂದು ಯೋಚನೆ ಬೇರೂರಿತ್ತು. ಜನರ ನಡುವಿನ ದಾಂಪತ್ಯವನ್ನಷ್ಟೇ ನೋಡಿ ಸರ್ಕಾರ ಸವಲತ್ತು ಹಂಚುವುದು ಸರಿಯೇ ಎಂದು ಅಲ್ಲಿನ ಕಾನೂನು ಆಯೋಗ 2001ರ ವರದಿಯಲ್ಲಿ ಕೇಳಿತ್ತು. 2003ರ ಜೂನ್‌ನಲ್ಲಿ ಆಲ್ಬರ್ಟಾ ಪ್ರಾಂತ್ಯದ ಹೊಸ ಕಾಯ್ದೆ ಜಾರಿಗೆ ಬಂತು. ಒಬ್ಬರ ಬದುಕನ್ನು ಒಬ್ಬರು ಹಂಚಿಕೊಂಡು, ಮನಸ್ಸಿನಿಂದ ಹೊಂದಿಕೊಂಡು, ಒಂದೇ ಸಂಸಾರವಾಗಿ ಮನೆ ನಡೆಸುವ ಇಬ್ಬರು ವಯಸ್ಕರಿಗೆ ಅದು ಮಾನ್ಯತೆ ಕೊಡುತ್ತದೆ. ದೈಹಿಕ ಸಂಬಂಧ ಇರಲೇಬೇಕೆಂದಿಲ್ಲ. ಮೂರು ವರ್ಷ ಹೀಗೆ ಬಾಳಿದ ಗೆಳತಿಯರಿಗೂ ಈ ಮಾನ್ಯತೆ ಸಿಗಬಹುದು. ರಕ್ತಸಂಬಂಧಿಗಳಾದರೆ ಲಿಖಿತ ಒಪ್ಪಂದ ಬೇಕು. ಸಂಬಳಕ್ಕೆ ಆರೈಕೆ ಮಾಡುವವರು ಇದರಲ್ಲಿ ಸೇರುವುದಿಲ್ಲ. ಉಯಿಲು ಬರೆಯದೆ ಒಬ್ಬರು ತೀರಿಕೊಂಡರೆ ಇನ್ನೊಬ್ಬರಿಗೆ ವಾರಸುದಾರಿಕೆಯ ಹಕ್ಕುಂಟು. ಒಬ್ಬರಿಗೆ ಒಬ್ಬರೇ ಸಂಗಾತಿ ಎಂಬ ನಿಯಮದಿಂದಾಗಿ ಮೂವರು ಒಡಹುಟ್ಟಿದವರ ಮನೆಗೆ ಇದು ಸಾಲದು. ಆದರೂ ಆರೈಕೆಯ ಬೆಲೆಯನ್ನು ಅರಿತ ಕಾಯ್ದೆ ಇದು.

ದಾಂಪತ್ಯವನ್ನೇ ಆಧಾರ ಮಾಡಿಕೊಳ್ಳದ ಕುಟುಂಬ ಕನ್ನಡ ನಾಡಿಗೆ ತೀರಾ ಹೊಸದೇನಲ್ಲ. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಕುಟುಂಬವೆಂದರೆ ತಾಯಿಯ ಕಡೆಯ ಸಂತತಿ. ಗಂಡ ತನ್ನ ತಾಯಿಯ ಕುಟುಂಬಕ್ಕೆ ಸೇರಿದವನು. ಹೆಂಗಸು ಯಜಮಾನ್ತಿಯಾಗಿ ಆಸ್ತಿ ನೋಡಿಕೊಳ್ಳಬಹುದಿತ್ತು. ಇದನ್ನು ನ್ಯಾಯಾಲಯಗಳೂ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯೂ ಮಾನ್ಯ ಮಾಡಿದ್ದವು.

ಇಂದಿನ ಭಾರತದಲ್ಲಿ ದಾರಿ ಅರ್ಧ ತೆರೆದಿದೆ. ಚಂಡೀಗಡದ ನರ್ಸ್ ಒಬ್ಬರು ಗಂಡನ ಮೊದಲ ಮದುವೆಯ ಮಕ್ಕಳಿಗಾಗಿ ರಜೆ ಪಡೆದಿದ್ದರೆಂದು, ತಮ್ಮದೇ ಮಗು ಹುಟ್ಟಿದಾಗ ಹೆರಿಗೆ ರಜೆ ನಿರಾಕರಿಸಲಾಗಿತ್ತು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಡಿ.ವೈ. ಚಂದ್ರಚೂಡ್ ಮತ್ತು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ಎ.ಎಸ್. ಬೋಪಣ್ಣ ಅವರ ಪೀಠ ಆಕೆಯ ಪರ ನಿಂತಿತು. ಮದುವೆಯಾಗದ ಜೋಡಿ, ಸಲಿಂಗ ಸಂಗಾತಿಗಳು, ಒಂಟಿ ಪೋಷಕರ ಮನೆಗಳಿಗೂ ಕಾನೂನಿನ ರಕ್ಷಣೆ ಸಲ್ಲಬೇಕೆಂದಿತು. ಮರುವರ್ಷ ಅಕ್ಟೋಬರ್‌ನಲ್ಲಿ ಅದೇ ನ್ಯಾಯಾಲಯದ ಐವರ ಪೀಠ ಸಲಿಂಗ ವಿವಾಹದ ಹಕ್ಕನ್ನು ಒಪ್ಪದೆ ವಿಷಯವನ್ನು ಸಂಸತ್ತಿಗೆ ಬಿಟ್ಟಿತು. ಸಂಸತ್ತು ಇನ್ನೂ ಅಂಥ ಕಾನೂನು ತಂದಿಲ್ಲ.

ಹೊರನಾಡಿನ ಕನ್ನಡ ಮನೆಗಳಲ್ಲೂ ವಿಧವೆ ತಂಗಿಯೊಡನೆ ಇರುವ ಅಣ್ಣ, ಒಟ್ಟಿಗೆ ವಯಸ್ಸಾಗುತ್ತಿರುವ ಗೆಳೆಯರು ಇರುತ್ತಾರೆ. ಅಂಥವರು ಕಾನೂನು ಬದಲಾಗಲೆಂದು ಕಾಯದೆ ಉಯಿಲು ಬರೆದಿಡಲಿ. ಆಸ್ಪತ್ರೆಯಲ್ಲಿ ತಮ್ಮ ಪರವಾಗಿ ತೀರ್ಮಾನಿಸುವವರು ಯಾರೆಂದು ಇಂದೇ ಕಾಗದದ ಮೇಲೆ ದಾಖಲಿಸಲಿ. ಆಲ್ಬರ್ಟಾದಲ್ಲಿರುವವರು ಅಲ್ಲಿನ ಕಾಯ್ದೆಯ ಒಪ್ಪಂದಕ್ಕೂ ಸಹಿ ಹಾಕಲಿ.