1½ ಆಣೆಯ ಬಾಪು

1948ರ ಆಗಸ್ಟ್ 15ರಂದು ಗಾಂಧಿಯ ನಾಲ್ಕು ಅಂಚೆಚೀಟಿಗಳು ಹೊರಬಂದವು: 1½ ಆಣೆ, 3½ ಆಣೆ, 12 ಆಣೆ, 10 ರೂಪಾಯಿ. ನಾಗರಿ ಮತ್ತು ಉರ್ದು ಲಿಪಿಗಳಲ್ಲಿ ‘ಬಾಪು’ ಎಂದಿತ್ತು. ಚರಕದ ಮನುಷ್ಯನ ಚೀಟಿ ಅಚ್ಚಾದದ್ದು ಸ್ವಿಟ್ಜರ್ಲೆಂಡಿನಲ್ಲಿ! 10 ರೂಪಾಯಿಯವುಗಳಲ್ಲಿ ನೂರರ ಮೇಲಷ್ಟೇ ‘ಸರ್ವಿಸ್’ ಎಂದು ಒತ್ತಿ ಗವರ್ನರ್ ಜನರಲ್ ಕಚೇರಿಗೆ ಕೊಟ್ಟರು. ಈಗ ಅದರ ಬೆಲೆ ನಮ್ಮಂಥವರ ಕೈಗೆಟುಕುವಂಥದ್ದಲ್ಲ. ಅಪರಿಗ್ರಹದ ವ್ರತ ಹಿಡಿದವನ ಮುಖವನ್ನು ಆಸ್ತಿ ಮಾಡಿಕೊಳ್ಳುವುದು ಸರಿಯೇ ಎಂದು ಕೇಳಬಹುದು. ನಾನೂ ಕೇಳುತ್ತಿದ್ದೆ. ಆದರೆ ನನ್ನನ್ನು ಕಾಡುವುದು ಅದಲ್ಲ.

ನನ್ನ ಆಲ್ಬಂನಲ್ಲಿ 1½ ಆಣೆಯ ಕಂದು ಬಣ್ಣದ ಗಾಂಧಿ ಇದ್ದಾನೆ. ಮದುವೆಯಾದ ಹೊಸತರಲ್ಲಿ ಅಜ್ಜ ಬೊಂಬಾಯಿಯ ಹೋಟೆಲೊಂದರಲ್ಲಿ ತಟ್ಟೆ ತೊಳೆಯುತ್ತ ಅಜ್ಜಿಗೆ ಬರೆದ ಕಾಗದಗಳ ಕಟ್ಟಿನಲ್ಲಿ ಅದು ಸಿಕ್ಕಿತು. ನನಗಾಗ ಹನ್ನೆರಡು. ಚೀಟಿ ಬಿಡಿಸಲು ಉಗುರುಬೆಚ್ಚಗಿನ ನೀರಲ್ಲಿ ನೆನೆಸಬೇಕೆಂದು ಓದಿದ್ದೆ. ಅವಸರದಲ್ಲಿ ಲಕೋಟೆಗಳನ್ನು ಕಾಗದಗಳ ಸಮೇತ ಬಕೆಟ್ಟಿಗೆ ಹಾಕಿದೆ. ಚೀಟಿಗಳು ಚೆನ್ನಾಗಿಯೇ ಬಿಟ್ಟುಕೊಂಡವು. ನೀರು ನೀಲಿಯಾಯಿತು.

ಅಜ್ಜಿ ಬೈಯಲಿಲ್ಲ. “ಇರಲಿ ಮಗಾ, ನನಗೆ ಓದ್ಲಿಕ್ಕೆ ಎಲ್ಲಿ ಬರ್ತಿತ್ತು?” ಅಂದರು. ಓದಲು ಬಾರದವರು ಅರುವತ್ತು ವರ್ಷ ಅದನ್ನೇಕೆ ಕಟ್ಟಿಟ್ಟಿದ್ದರು ಎಂದು ಕೇಳುವ ಬುದ್ಧಿ ನನಗಾಗ ಇರಲಿಲ್ಲ.

ಈಗ ನಾನು ಕರಾವಳಿಯಿಂದ ಬೊಂಬಾಯಿಗೆ ಹೋದ ಹೋಟೆಲ್ ಕಾರ್ಮಿಕರ ಬಗ್ಗೆಯೇ ಸಂಶೋಧನೆ ಮಾಡುತ್ತಿದ್ದೇನೆ. ಮಾಲೀಕರ ನೆನಪುಗಳು ಸಿಗುತ್ತವೆ. ತಟ್ಟೆ ತೊಳೆದವರು ತಮ್ಮ ಕೈಯಾರೆ ಬರೆದದ್ದು ಮೂರು ವರ್ಷ ಹುಡುಕಿದರೂ ನನಗೆ ಸಿಕ್ಕಿಲ್ಲ.

ಹನ್ನೆರಡರ ಹುಡುಗನ ಮೇಲೆ ಇಷ್ಟೊಂದು ಪಾಪ ಹೊರಿಸಬೇಡ ಎನ್ನುತ್ತಾನೆ ಗೆಳೆಯ. ಒಪ್ಪುತ್ತೇನೆ. ಆದರೆ ಯಾವುದನ್ನು ಉಳಿಸಬೇಕು, ಯಾವುದು ಬರೀ ಹೊದಿಕೆ ಎಂಬುದನ್ನು ಆ ಹುಡುಗನಿಗೆ ಹೇಳಿಕೊಟ್ಟವರಾರು? ಆಲ್ಬಂನಲ್ಲಿ ಗಾಂಧಿಗೆ, ಆಮೇಲೆ ಬಂದ ನಾಯಕರಿಗೆಲ್ಲ ಒಂದೊಂದು ಚೌಕವಿತ್ತು. ಅಜ್ಜನಿಗೆ ಇರಲಿಲ್ಲ. ಸಂಗ್ರಹವೆಂದರೆ ಉಳಿಸುವುದು ಎಂದುಕೊಂಡಿರುತ್ತೇವೆ. ಆಯ್ಕೆ ಮಾಡುವ ಕೈಯೇ ಇನ್ನೊಂದನ್ನು ಚೆಲ್ಲುತ್ತಿರುತ್ತದೆ. ನನ್ನ ಪ್ರಬಂಧದ ಅಡಿಟಿಪ್ಪಣಿಗಳೂ ಹೀಗೆಯೇ ಯಾರನ್ನೋ ನೆನೆಸಿ ಎಸೆಯುತ್ತಿವೆಯೇನೋ ಎಂಬ ಅಳುಕು ನನಗಿದೆ.

ಆ ಚೀಟಿಯನ್ನು ಮಾರಿಲ್ಲ, ಮಾರಿದರೂ ಹೆಚ್ಚೇನೂ ಬರದು. ಗಾಂಧಿಯ ಭುಜದ ಮೇಲೆ ಅಂಚೆ ಮುದ್ರೆಯ ಅರ್ಧವೃತ್ತವಿದೆ, ತಿಂಗಳು ಕಾಣುತ್ತದೆ. ಊರು ಮತ್ತು ವರ್ಷ ಲಕೋಟೆಯ ಮೇಲೆ ಬಿದ್ದಿದ್ದವು.