ನಾವು ನಿಂತಿರುವ ಖಂಡದ ಹೆಸರು

ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ ಕೆಲವು ಕಾಲದ ಹಿಂದೆ ಪರಿಚಿತರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆನು. ಪುರೋಹಿತರು ಸಂಕಲ್ಪವನ್ನು ಹೇಳಿಸುತ್ತಿದ್ದರು. ಜಂಬೂದ್ವೀಪ, ಭರತವರ್ಷ, ಭರತಖಂಡ, ಮೇರುವಿನ ದಕ್ಷಿಣಪಾರ್ಶ್ವ, ಗೋದಾವರಿಯ ದಕ್ಷಿಣತೀರ ಎಂದು ಯಜಮಾನರ ವಿಳಾಸವು ದೇವತೆಗಳಿಗೆ ತಿಳಿಸಲ್ಪಡುತ್ತಿತ್ತು. ಪಕ್ಕದಲ್ಲಿ ಕುಳಿತಿದ್ದ ಎಂಟೊಂಬತ್ತು ವರ್ಷದ ಬಾಲಕನೊಬ್ಬನು ತನ್ನ ತಾತನ ಪಂಚೆಯನ್ನು ಜಗ್ಗಿ, "ತಾತ, ನಾವಿರುವುದು ಏಷ್ಯಾ ಖಂಡದಲ್ಲಿ ಅಂತ ಮೇಷ್ಟ್ರು ಹೇಳಿದಾರೆ. ಇವರು ಜಂಬೂದ್ವೀಪ ಅಂತಾರೆ. ಯಾವುದು ನಿಜ?" ಎಂದು ಕೇಳಿದನು. ತಾತನು, "ಎರಡೂ ನಿಜ, ಸುಮ್ಮನಿರು" ಎಂದನು. ಹುಡುಗನು ಸುಮ್ಮನಾದನು, ನನಗೆ ಸುಮ್ಮನಿರಲಾಗಲಿಲ್ಲ. ಒಂದೇ ನೆಲಕ್ಕೆ ಎರಡು ಹೆಸರಿದ್ದರೆ ಎರಡೂ ನಿಜವಾಗುವುದು ಹೇಗೆ? ಹೆಸರಿನಲ್ಲಿ ನಿಜ ಸುಳ್ಳುಗಳೆಂಬುವು ಉಂಟೆ? ಉಂಟಾದರೆ ಅದನ್ನು ತೀರ್ಮಾನಿಸತಕ್ಕವರು ಯಾರು: ಹೆಸರಿಟ್ಟವರೋ, ಹೆಸರನ್ನು ಹೊತ್ತವರೋ?

ಈ ಪ್ರಶ್ನೆಗೆ ಎರಡು ಸುಲಭವಾದ ಉತ್ತರಗಳು ನಮ್ಮಲ್ಲಿ ಬಳಕೆಯಲ್ಲಿವೆ. ಜಂಬೂದ್ವೀಪವೆಂಬುದು ನಮ್ಮ ಹಿರಿಯರಿಟ್ಟ ಹೆಸರು, ಏಷ್ಯಾ ಎಂಬುದು ಪರಕೀಯರು ಹೊರಿಸಿದುದು. ಆದುದರಿಂದ ಮೊದಲನೆಯದೇ ನಿಜವೆಂಬುದು ಒಂದು. ಜಂಬೂದ್ವೀಪವು ಪುರಾಣದ ಕಲ್ಪನೆ, ಏಷ್ಯಾ ಎಂಬುದು ಭೂಗೋಳಶಾಸ್ತ್ರ. ಆದುದರಿಂದ ಎರಡನೆಯದೇ ನಿಜವೆಂಬುದು ಮತ್ತೊಂದು. ಎರಡು ಹೆಸರುಗಳ ವಂಶಾವಳಿಯನ್ನೂ ಸ್ವಲ್ಪ ವಿಚಾರಿಸಿದರೆ ಎರಡು ಉತ್ತರಗಳೂ ನಿಲ್ಲಲಾರವೆಂದು ಕಾಣುತ್ತದೆ.

ಏಷ್ಯಾ ಎಂಬ ಹೆಸರನ್ನು ಮೊದಲು ನೋಡೋಣ. ಇದು ನಮಗೆ ಗ್ರೀಕರ ಮೂಲಕ ಬಂದ ಶಬ್ದ. ಕ್ರಿಸ್ತಪೂರ್ವ ಐದನೆಯ ಶತಮಾನದ ಹೆರೊಡೋಟಸನು ತನ್ನ ಇತಿಹಾಸಗ್ರಂಥದ ನಾಲ್ಕನೆಯ ಭಾಗದಲ್ಲಿ ಒಂದು ಸಂದೇಹವನ್ನು ಎತ್ತುತ್ತಾನೆ: ಭೂಮಿಯು ಒಂದೇ ಆಗಿರಲು ಅದಕ್ಕೆ ಯೂರೋಪ, ಏಷ್ಯಾ, ಲಿಬಿಯಾ ಎಂಬ ಮೂರು ಹೆಸರುಗಳೇಕೆ? ಅವು ಹೆಂಗಸರ ಹೆಸರುಗಳಾದುದೇಕೆ? ಏಷ್ಯಾ ಎಂಬವಳು ಪ್ರೊಮೀಥಿಯಸನ ಹೆಂಡತಿಯೆಂದು ಗ್ರೀಕರು ಹೇಳುತ್ತಿದ್ದರು. ಲಿಡಿಯಾ ದೇಶದವರಾದರೋ ಅದು ತಮ್ಮವನಾದ ಏಸಿಯಸನ ಹೆಸರಿನಿಂದ ಬಂದುದೆಂದು ವಾದಿಸುತ್ತಿದ್ದರು. ಯಾವುದೂ ತೃಪ್ತಿಕರವಾಗಿ ಕಾಣದಿದ್ದುದರಿಂದ ಆ ಇತಿಹಾಸಕಾರನು, ರೂಢಿಯಲ್ಲಿರುವ ಹೆಸರನ್ನೇ ಬಳಸೋಣವೆಂದು ಮುಂದೆ ಹೋಗುತ್ತಾನೆ. ಈ ಮಾತನ್ನಾಡಿದವನ ಹುಟ್ಟೂರಾದ ಹಾಲಿಕಾರ್ನಾಸಸ್ ಇದ್ದುದೂ ಆ ಏಷ್ಯಾದ ಕರಾವಳಿಯಲ್ಲಿಯೇ. ಇತ್ತೀಚಿನ ವಿದ್ವಾಂಸರಲ್ಲಿ ಹಲವರು, ಹಿಟ್ಟೈಟರ ಬರಹಗಳಲ್ಲಿ ಕಾಣಬರುವ ಅಸ್ಸುವ ಎಂಬ ಪ್ರಾಂತದ ಹೆಸರೇ ಇದರ ಮೂಲವಿರಬಹುದೆಂದು ಊಹಿಸುತ್ತಾರೆ. ಉದಯವೆಂಬ ಅರ್ಥದ ಸೆಮಿಟಿಕ್ ಧಾತುವಿನಿಂದ ಬಂದುದೆಂದು ಹೇಳುವವರೂ ಉಂಟು.

ಮೂಲವು ಯಾವುದೇ ಆಗಿರಲಿ, ಆ ಹೆಸರು ಮೊದಲು ಇಂದಿನ ತುರ್ಕಿಯ ಪಶ್ಚಿಮದ ಒಂದು ತುಂಡು ನೆಲಕ್ಕೆ ಮಾತ್ರ ಸಲ್ಲುತ್ತಿತ್ತು. ಕ್ರಿ.ಪೂ. 133ರಲ್ಲಿ ಪೆರ್ಗಮಮ್ಮಿನ ಅರಸನು ತನ್ನ ರಾಜ್ಯವನ್ನು ರೋಮನರಿಗೆ ಉಯಿಲಿನ ಮೂಲಕ ಬಿಟ್ಟುಕೊಟ್ಟನು. ರೋಮನರು ಅದನ್ನು ಏಷ್ಯಾ ಪ್ರಾಂತವೆಂದೇ ಕರೆದರು. ಹೆಸರು ಮೂಡಲಿಗೆ ಹಬ್ಬುತ್ತ ಹಬ್ಬುತ್ತ ಪಾರಸಿಕರನ್ನು, ನಮ್ಮನ್ನು, ಚೀನರನ್ನು ಎಲ್ಲರನ್ನೂ ಒಳಗೊಂಡಿತು. ಕೊನೆಗೆ ಹೆಸರಿನ ತವರುಮನೆಯನ್ನು ಬೇರೆಯಾಗಿ ಗುರುತಿಸಲು ಅದಕ್ಕೆ 'ಕಿರಿಯ ಏಷ್ಯಾ' ಎನ್ನಬೇಕಾಯಿತು. ಮಗಳ ಮನೆ ದೊಡ್ಡದಾಗಿ ತಾಯಿಯ ಮನೆ ಚಿಕ್ಕದೆನಿಸಿಕೊಂಡಂತೆ! 1602ರಲ್ಲಿ ಪೆಕಿಂಗಿನಲ್ಲಿ ಮತ್ತೆಯೊ ರಿಚ್ಚಿ ಎಂಬ ಪಾದ್ರಿಯು ಅಚ್ಚುಹಾಕಿಸಿದ ಭೂಪಟದಲ್ಲಿ ಚೀನರು ತಾವಿರುವ ಖಂಡದ ಹೆಸರನ್ನು 'ಯಾ-ಶಿ-ಯಾ' ಎಂದು ತಮ್ಮ ಲಿಪಿಯಲ್ಲಿ ಓದಿದರು. ಆ ಅಕ್ಷರಗಳನ್ನು ಧ್ವನಿಗಾಗಿ ಆರಿಸಿದ್ದರೂ ಚೀನೀ ಲಿಪಿಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಅರ್ಥವಿರುವುದಷ್ಟೆ. 'ಯಾ' ಎಂದರೆ ಎರಡನೆಯದು. 'ಶಿ' ಎಂದರೆ ಸಣ್ಣದು. ತಮ್ಮ ದೇಶವನ್ನು ಲೋಕದ ನಡುವಣ ರಾಜ್ಯವೆಂದು ಕರೆದುಕೊಳ್ಳುತ್ತಿದ್ದ ಜನಕ್ಕೆ ದೊರೆತ ಹೆಸರಿದು.

ಇಷ್ಟನ್ನು ಓದಿದ ವಾಚಕರು, ಏಷ್ಯಾ ಎಂಬುದು ನಮ್ಮನ್ನು ಕೇಳದೆ ನಮ್ಮ ಮೇಲೆ ಹಾಕಿದ ಮುದ್ರೆಯೆಂದು ಮುನಿಯಬಹುದು. ಆದರೆ ಮುನಿಯುವುದಕ್ಕೆ ಮುಂಚೆ ನಮ್ಮ ಜಂಬೂದ್ವೀಪದ ಕಥೆಯನ್ನೂ ಕೇಳುವುದು ನ್ಯಾಯ.

ಜಂಬೂ ಎಂದರೆ ನೇರಳೆ. ಮೇರುವಿನ ಬಳಿಯಲ್ಲಿ ಬೆಳೆದ ಮಹಾವೃಕ್ಷದಿಂದ ಆನೆಗಾತ್ರದ ಹಣ್ಣುಗಳು ಉದುರಿ ಒಡೆದು, ಆ ರಸವೇ ಜಂಬೂನದಿಯಾಗಿ ಹರಿಯುವುದೆಂದೂ, ಅದರ ದಡದ ಮಣ್ಣು ಒಣಗಿ ಜಾಂಬೂನದವೆಂಬ ಚಿನ್ನವಾಗುವುದೆಂದೂ ವಿಷ್ಣುಪುರಾಣವು ವರ್ಣಿಸುತ್ತದೆ. ಆದರೆ ಈ ಹೆಸರು ಪುರಾಣದಲ್ಲಿ ಮಾತ್ರ ಇರುವುದಲ್ಲ. ನಮ್ಮ ನಾಡಿನಲ್ಲಿ ದೊರೆತಿರುವ ಅತಿ ಪ್ರಾಚೀನ ಬರಹಗಳಲ್ಲಿಯೇ ಅದು ಕೆತ್ತಲ್ಪಟ್ಟಿದೆ. 1892ರಲ್ಲಿ ಬಿ. ಎಲ್. ರೈಸರು ಚಿತ್ರದುರ್ಗ ಸೀಮೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳನ್ನು ಕಂಡುಹಿಡಿದರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಆ ಪ್ರಾಕೃತ ಶಾಸನದಲ್ಲಿ ಜಂಬೂದ್ವೀಪದ ಹೆಸರಿದೆ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿಯೂ ಇದೆ. ಇಂದಿಗೆ ಸುಮಾರು ಎರಡು ಸಾವಿರದ ಇನ್ನೂರೈವತ್ತು ವರ್ಷಗಳ ಹಿಂದೆ ನಮ್ಮ ಬಂಡೆಗಳು ತಾವು ಯಾವ ಖಂಡದವೆಂಬುದನ್ನು ಹೇಳುತ್ತಿದ್ದುವು.

ಅಲ್ಲಿಂದ ಮುಂದೆ ಈ ಹೆಸರೂ ಸುಮ್ಮನೆ ಕುಳಿತಿರಲಿಲ್ಲ. ಬುದ್ಧನ ಧರ್ಮವನ್ನು ಹೊತ್ತ ಭಿಕ್ಷುಗಳೊಡನೆ ಅದು ಹಿಮಾಲಯವನ್ನು ದಾಟಿತು. ಚೀನದಲ್ಲಿ 'ಯನ್‌-ಫು-ತಿ' ಆಯಿತು. ಜಪಾನಿನಲ್ಲಿ 'ಎಂಬುದೈ' ಆಯಿತು. ಟಿಬೆಟ್ಟಿನಲ್ಲಿ 'ಜಂಬುಲಿಂಗ್' ಆಗಿ ಇಡೀ ಲೋಕವೆಂಬ ಅರ್ಥವನ್ನೇ ಪಡೆಯಿತು. 1710ರಲ್ಲಿ ಹೋತಾನ್ ಎಂಬ ಜಪಾನೀ ಭಿಕ್ಷುವು ಅಚ್ಚುಹಾಕಿಸಿದ ಜಂಬೂದ್ವೀಪದ ಭೂಪಟದಲ್ಲಿ ಯೂರೋಪು ಒಂದು ಮೂಲೆಯಲ್ಲಿ ಸಣ್ಣ ದ್ವೀಪಗಳ ಗುಂಪಾಗಿ ಕಾಣಿಸಿಕೊಳ್ಳುತ್ತದೆ. ನೇರಳೆಯ ಮರವನ್ನು ಎಂದೂ ಕಾಣದ ಹಿಮದ ನಾಡುಗಳಿಗೆಲ್ಲ ನಾವು ನೇರಳೆಯ ಹೆಸರನ್ನಿಟ್ಟೆವು. ಫ್ರಾನ್ಸಿನವನನ್ನೂ ಜಂಬೂದ್ವೀಪದ ಪ್ರಜೆಯಾಗಿಸಿದೆವು. ಅವನನ್ನು ಯಾರೂ ಕೇಳಲಿಲ್ಲ. ಹೀಗಿರುವಾಗ, ಕೇಳದೆ ಹೆಸರಿಟ್ಟ ದೋಷವು ಗ್ರೀಕರೊಬ್ಬರದೇ ಎಂದು ಹೇಳುವುದು ಹೇಗೆ?

ಇಲ್ಲಿ ನಮ್ಮ ವ್ಯಾಕರಣವು ನೆರವಿಗೆ ಬರುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ನಾಮಗಳನ್ನು ರೂಢ, ಅನ್ವರ್ಥ, ಅಂಕಿತವೆಂದು ವಿಂಗಡಿಸಿದ್ದಾನೆ. ರೂಢಿಯಿಂದ ಬಂದುದು ರೂಢನಾಮ; ಅರ್ಥಕ್ಕೆ ಅನುಗುಣವಾದುದು ಅನ್ವರ್ಥನಾಮ; ಗುರುತಿಗಾಗಿ ಇಟ್ಟುದು ಅಂಕಿತನಾಮ. ಖಂಡಗಳ ಹೆಸರುಗಳೆಲ್ಲ ಅಂಕಿತನಾಮಗಳು. ನಮ್ಮ ಗೊಂದಲವೆಲ್ಲ ಅವನ್ನು ಅನ್ವರ್ಥನಾಮಗಳೆಂದು ಭಾವಿಸುವುದರಿಂದ ಹುಟ್ಟುತ್ತದೆ. ನಮ್ಮ ತಾಲ್ಲೂಕಿನ ಹೆಸರನ್ನೇ ನೋಡಿರಿ. ಸುಗಟೂರಿನ ತಮ್ಮೇಗೌಡನು ಹದಿನಾರನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದಾಗ ಅದು ಅನ್ವರ್ಥವಾಗಿಯೇ ಹೊಸ ಕೋಟೆಯಾಗಿತ್ತು. ನಾಲ್ಕು ನೂರು ವರ್ಷಗಳು ಕಳೆದುವು. ಕೋಟೆ ಹಳೆಯದಾಯಿತು, ಹೆಸರು ಮಾತ್ರ ಹೊಸಕೋಟೆಯಾಗಿಯೇ ಉಳಿಯಿತು. ಅದನ್ನು ಸುಳ್ಳೆಂದು ಯಾರೂ ದೂರಲಿಲ್ಲ. ಸಂಕಲ್ಪದಲ್ಲಿಯೂ ಹಾಗೆಯೇ. ದಕ್ಷಿಣಪಿನಾಕಿನಿಯ ಆಸುಪಾಸಿನಲ್ಲಿರುವ ನಾವು ನೂರಾರು ಹರದಾರಿ ದೂರದ ಗೋದಾವರಿಯ ದಂಡೆಯವರೆಂದು ಹೇಳಿಕೊಳ್ಳುತ್ತೇವೆ. ಅದು ಅಳತೆಯ ಮಾತಲ್ಲ, ಗುರುತಿನ ಮಾತು.

ಹಾಗಾದರೆ ಹೆಸರು ಯಾವುದಾದರೇನು, ಬಂದಂತೆ ಬರಲಿ ಎನ್ನೋಣವೆ? ಹಾಗೆನ್ನಲು ನನ್ನ ಮನಸ್ಸು ಒಪ್ಪದು. ಕನ್ನಡಿಗರಾದ ನಮಗೆ ಹೆಸರಿನ ನೋವು ಏನೆಂಬುದು ಸ್ವಂತ ಅನುಭವದಿಂದ ಗೊತ್ತಿದೆ. 1565ರ ಯುದ್ಧದ ತರುವಾಯ ವಿಜಯನಗರದ ಅರಸರು ಪೆನುಗೊಂಡೆಗೂ, ಅಲ್ಲಿಂದ ಚಂದ್ರಗಿರಿಗೂ, ವೇಲೂರಿಗೂ ಸರಿದರು. ಅವರದು ಕರ್ನಾಟಕ ರಾಜ್ಯವೆಂದು ಪ್ರಸಿದ್ಧವಾಗಿದ್ದುದರಿಂದ ಹೆಸರೂ ಅವರೊಡನೆ ಘಟ್ಟದ ಕೆಳಗಿಳಿದು ತಮಿಳು ಸೀಮೆಗೆ ಅಂಟಿಕೊಂಡಿತು. ಆರ್ಕಾಟಿನ ನವಾಬನು ಕರ್ನಾಟಕದ ನವಾಬನೆನಿಸಿದನು. ಇಂಗ್ಲಿಷರೂ ಫ್ರೆಂಚರೂ 1746ರಿಂದ 1763ರವರೆಗೆ ಅಲ್ಲಿ ನಡೆಸಿದ ಕಾಳಗಗಳು ಕರ್ನಾಟಕ ಯುದ್ಧಗಳೆನಿಸಿದುವು. ಇತ್ತ ಪಡುವಣ ಕರಾವಳಿಯು ಪರದೇಶದವರ ಬಾಯಲ್ಲಿ ಕೆನರಾ ಆಯಿತು. ಕನ್ನಡವನ್ನಾಡುವ ಮೇಲುನಾಡಿಗೆ ಮಾತ್ರ ಕನ್ನಡದ ಹೆಸರು ಉಳಿಯಲಿಲ್ಲ. ಏಷ್ಯಾ ಎಂಬ ಹೆಸರು ತವರನ್ನು ಬಿಟ್ಟು ಬೆಳೆದಂತೆ ನಮ್ಮ ಹೆಸರೂ ತವರನ್ನು ಬಿಟ್ಟು ಅಲೆಯಿತು. 1956ರಲ್ಲಿ ನಾಡು ಒಂದುಗೂಡಿದರೂ ಹೆಸರು ಕೂಡಲೇ ಮನೆಗೆ ಬರಲಿಲ್ಲ. 1973ರ ನವೆಂಬರ್ 1ರಂದು ಮೈಸೂರು ರಾಜ್ಯವು ಕರ್ನಾಟಕವೆನಿಸಿತು. ಕರುನಾಡೆಂದರೆ ಕಪ್ಪುಮಣ್ಣಿನ ನಾಡೋ, ಎತ್ತರದ ನಾಡೋ ಎಂಬ ಚರ್ಚೆ ಅಂದೂ ಇತ್ತು, ಇಂದೂ ಇದೆ. ವ್ಯುತ್ಪತ್ತಿಯು ತೀರ್ಮಾನವಾಗುವವರೆಗೆ ಜನರು ಕಾಯಲಿಲ್ಲ. ಅವರು ಕೇಳಿದುದು ಅರ್ಥವನ್ನಲ್ಲ, ತಮ್ಮನ್ನು ತಾವೇ ಕರೆದುಕೊಳ್ಳುವ ಅಧಿಕಾರವನ್ನು.

ಆದುದರಿಂದ ಹೆಸರಿನ ನ್ಯಾಯವು ಅದರ ಹುಟ್ಟಿನಲ್ಲಿಲ್ಲ, ಅದನ್ನು ಹೊತ್ತವರ ಒಪ್ಪಿಗೆಯಲ್ಲಿದೆ ಎಂದು ನನಗೆ ತೋರುತ್ತದೆ. ಈ ದೃಷ್ಟಿಯಿಂದ ನೋಡಿದರೆ ಏಷ್ಯಾ ಎಂಬುದು ಈಗ ಪರರ ಹೆಸರಲ್ಲ. 1947ರ ಮಾರ್ಚಿಯಲ್ಲಿ ದೆಹಲಿಯಲ್ಲಿ ಏಷ್ಯಾ ಬಾಂಧವ್ಯದ ಸಮ್ಮೇಳನ ನೆರೆದಾಗಲೂ, 1955ರಲ್ಲಿ ಬಾಂಡುಂಗಿನಲ್ಲಿ ಏಷ್ಯಾ ಆಫ್ರಿಕಗಳ 29 ದೇಶಗಳು ಸೇರಿದಾಗಲೂ, ಯಾರೋ ಹೊರಿಸಿದ್ದ ಹೆಸರನ್ನು ಜನರು ತಾವಾಗಿ ಎತ್ತಿಕೊಂಡರು. ಆದರೆ ಒಪ್ಪಿಗೆಯೊಂದೇ ಸಾಲದೆಂಬುದಕ್ಕೂ ಅದೇ ಹೆಸರು ಸಾಕ್ಷಿ. 1940ರಲ್ಲಿ ಜಪಾನಿನ ಸರ್ಕಾರವು ಪೂರ್ವ ಏಷ್ಯಾದ ಸಹಸಮೃದ್ಧಿಯ ಮಾತನ್ನಾಡಿತು. ಏಷ್ಯಾದವರನ್ನು ಬಿಡಿಸುವೆವೆಂದು ಏಷ್ಯಾದವರನ್ನೇ ತುಳಿಯಿತು. ತಮ್ಮವರೇ ಹೇಳಿದರೂ ಹೆಸರು ಮುಖವಾಡವಾಗಬಹುದು. ಆದುದರಿಂದ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಈ ಹೆಸರು ಯಾರನ್ನು ಒಳಗೆ ಕರೆಯುತ್ತದೆ? ಯಾರನ್ನು ಹೊರಗೆ ನಿಲ್ಲಿಸುತ್ತದೆ?

ಇದೇ ಪ್ರಶ್ನೆಯನ್ನು ಜಂಬೂದ್ವೀಪಕ್ಕೂ ಹಾಕದೆ ಬಿಡುವುದು ಪಕ್ಷಪಾತವಾದೀತು. ಸಂಕಲ್ಪದಲ್ಲಿ ಆ ಹೆಸರನ್ನು ಹೇಳಿಕೊಳ್ಳುವ ಭಾಗ್ಯವು ಬಹುಕಾಲ ಜಂಬೂದ್ವೀಪದ ಪ್ರಜೆಗಳಲ್ಲಿ ಎಲ್ಲರಿಗೂ ಇರಲಿಲ್ಲ. ಹೊಲವನ್ನು ಉತ್ತವನು, ಕೆರೆಯ ಮಣ್ಣನ್ನು ಹೊತ್ತವಳು, ಊರ ಹೊರಗಿನ ಕೇರಿಯಲ್ಲಿ ಇರಬೇಕಾದವರು ಆ ನೆಲದ ಮೇಲೆಯೇ ನಿಂತಿದ್ದರೂ ಅದರ ಹೆಸರು ಅವರ ಬಾಯಿಗೆ ದೊರೆಯಲಿಲ್ಲ. ಪರದೇಶದವರು ನಮ್ಮನ್ನು ಕೇಳದೆ ನಮಗೆ ಹೆಸರಿಟ್ಟುದು ತಪ್ಪಾದರೆ, ನಮ್ಮವರಿಗೇ ನಮ್ಮ ಹೆಸರನ್ನು ಕೊಡದಿದ್ದುದು ಅದಕ್ಕಿಂತ ದೊಡ್ಡ ತಪ್ಪು. ಬ್ರಹ್ಮಗಿರಿಯ ಬಂಡೆಯು ಹಾಗೆ ಮಾಡಲಿಲ್ಲ. ಜಂಬೂದ್ವೀಪದ ಹೆಸರನ್ನೆತ್ತಿದ ಅಶೋಕನು ಅದರ ಬೆನ್ನಿಗೇ, ಪ್ರಯತ್ನದ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಚಿಕ್ಕವನೂ ದುಡಿದರೆ ಸ್ವರ್ಗವನ್ನು ಪಡೆಯಬಲ್ಲನೆಂದು ತಿಳಿಸುತ್ತಾನೆ. ಅವನಿಗೆ ಖಂಡದ ಹೆಸರು ಹೆಮ್ಮೆಗೆ ಬೇಕಾದುದಲ್ಲ, ಪ್ರಯತ್ನಕ್ಕೆ ಬೇಕಾದುದು. ಸಂಕಲ್ಪದ ನಿಜವಾದ ಅಭಿಪ್ರಾಯವೂ ಅದೇ ಅಲ್ಲವೆ? ನಾನು ಇಂಥಲ್ಲಿ ನಿಂತಿದ್ದೇನೆ, ಇಂಥ ಕಾರ್ಯವನ್ನು ಮಾಡುತ್ತೇನೆ ಎಂಬುದೇ ಅದರ ಸಾರ. ಸ್ಥಳದ ಹೆಸರು ಮೊದಲು ಬರುವುದು ಕಾರ್ಯದ ಹೊಣೆಯು ಹಿಂದೆಯೇ ಬರಲೆಂದು. ಹೊಣೆಯಿಲ್ಲದೆ ಹೆಸರನ್ನಷ್ಟೇ ಹೇಳುವವನು ಭೂಪಟವನ್ನು ಓದಿದಂತಾಯಿತೇ ಹೊರತು ಸಂಕಲ್ಪವನ್ನು ಮಾಡಿದಂತಾಗಲಿಲ್ಲ.

ಆ ಬಾಲಕನಿಗೆ ನಾನು ಈಗ ಉತ್ತರ ಹೇಳಬೇಕಾದರೆ ಹೀಗೆ ಹೇಳಿಯೇನು: ಮಗು, ನಿನ್ನ ತಾತ ಹೇಳಿದುದು ಸರಿ. ಆದರೆ ಅವು ನಿಜವಾಗುವುದು ಗ್ರೀಕರು ಹೇಳಿದುದರಿಂದಲೂ ಅಲ್ಲ, ಪುರಾಣವು ಹೇಳಿದುದರಿಂದಲೂ ಅಲ್ಲ. ನಿನ್ನ ಪಕ್ಕದಲ್ಲಿ ನಿಂತವನೂ ಅದೇ ಹೆಸರನ್ನು ನಿನ್ನಷ್ಟೇ ಹಕ್ಕಿನಿಂದ ಹೇಳಬಹುದಾದರೆ ಎರಡೂ ನಿಜ. ಹೇಳಲಾಗದಿದ್ದರೆ ಎರಡೂ ಸುಳ್ಳು. ಇದು ಅವನಿಗೆ ಇಂದು ತಿಳಿಯದೆ ಇರಬಹುದು. ಮುಂಗಾರಿನ ಮೊದಲ ಮಳೆಯ ಹೊತ್ತಿಗೆ ನೇರಳೆಯ ಹಣ್ಣು ಉದುರುವಾಗ, ಊರಿನ ಎಲ್ಲ ಕೇರಿಗಳ ಮಕ್ಕಳೂ ಒಂದೇ ಮರದ ಕೆಳಗೆ ಆಯ್ದು ತಿಂದು ನಾಲಗೆಯನ್ನು ನೀಲಿಯಾಗಿಸಿಕೊಂಡು ಒಬ್ಬರಿಗೊಬ್ಬರು ತೋರಿಸಿ ನಗುತ್ತಾರೆ. ಆಗ ಯಾರ ನಾಲಗೆ ಯಾವ ಮನೆಯದೆಂದು ಹೇಳಲು ಬಾರದು. ಜಂಬೂದ್ವೀಪದ ಪ್ರಜೆಗಳೆಂಬುದಕ್ಕೆ ಅಷ್ಟು ಗುರುತು ಸಾಕು.