ನೋಡಹೋಗುವವನ ಧರ್ಮ

ಒಂದು ಸ್ಥಳಕ್ಕೆ ಹೋಗುವ ಶಕ್ತಿ ಬಂದೊಡನೆ ಅದನ್ನು ಕಾಣುವ ಹಕ್ಕೂ ಬರುವುದೇ? ಹಣವುಳ್ಳವರು ಭೂಮಿಯ ಕಟ್ಟಕಡೆಯ ತಾಣಕ್ಕೂ ಹೋಗಿಬರಬಹುದಾದ ಈ ಕಾಲದಲ್ಲಿ ಇದು ವಿಚಾರಣೀಯವಾದ ಪ್ರಶ್ನೆ.

ದಕ್ಷಿಣ ಧ್ರುವವನ್ನೊಳಗೊಂಡ ಅಂಟಾರ್ಕ್ಟಿಕಾ ಖಂಡಕ್ಕೆ ಸರ್ವರೂ ಒಪ್ಪಿದ ಒಡೆಯನಿಲ್ಲ. 1959ರಲ್ಲಿ ಹನ್ನೆರಡು ರಾಷ್ಟ್ರಗಳು ಒಪ್ಪಂದ ಮಾಡಿಕೊಂಡು ಅದನ್ನು ಶಾಂತಿಗೂ ವಿಜ್ಞಾನಕ್ಕೂ ಮೀಸಲಿಟ್ಟವು. ಭಾರತವು 1983ರಲ್ಲಿ ಆ ಒಪ್ಪಂದವನ್ನು ಸೇರಿತು. ಆದರೆ ಇಂದು ವಿಜ್ಞಾನಿಗಳಷ್ಟೇ ಅಲ್ಲಿಗೆ ಹೋಗುತ್ತಿಲ್ಲ. ಅರ್ಜೆಂಟೀನಾದ ಉಶುವಾಯಾ ಬಂದರಿನಿಂದ ಹೊರಟ ಪ್ರವಾಸಿ ಹಡಗುಗಳು ಸುಮಾರು ಎರಡು ದಿನಗಳಲ್ಲಿ ಡ್ರೇಕ್ ಜಲಮಾರ್ಗವನ್ನು ದಾಟಿ ಆ ಹಿಮತೀರವನ್ನು ಮುಟ್ಟುತ್ತವೆ. 2022-23ರ ಒಂದೇ ಋತುವಿನಲ್ಲಿ ಲಕ್ಷಕ್ಕೂ ಮಿಕ್ಕಿ ಪ್ರವಾಸಿಗಳು ಆ ಸಮುದ್ರವನ್ನು ಕಂಡುಬಂದರು.

ಗದಗಿನ ಬಳಿಯ ಬಿಂಕದಕಟ್ಟಿಯ ಮೃಗಾಲಯದಲ್ಲಿ ಪ್ರಾಣಿಗೂ ಪ್ರೇಕ್ಷಕನಿಗೂ ನಡುವೆ ಬೇಲಿಯುಂಟು. ಕೈಚಾಚುವ ಮಗುವನ್ನು ಅದೇ ತಡೆಯುತ್ತದೆ. ಅಂಟಾರ್ಕ್ಟಿಕಾದಲ್ಲಿ ಬೇಲಿಯಿಲ್ಲ. ನೆಲದ ಮೇಲೆ ಬೇಟೆಗಾರ ಮೃಗಗಳನ್ನು ಕಾಣದ ಪೆಂಗ್ವಿನ್ ಹಕ್ಕಿಗೆ ಮನುಷ್ಯನ ಭಯವೂ ಅಷ್ಟಾಗಿ ಇಲ್ಲ. ಆದುದರಿಂದ ನಿಯಮವೇ ಬೇಲಿಯಾಗಬೇಕಾಗಿದೆ. ಹಕ್ಕಿಯಿಂದ ಐದು ಮೀಟರಿನಷ್ಟಾದರೂ ದೂರ ನಿಲ್ಲಬೇಕು. ಒಂದು ತಾಣದಲ್ಲಿ ಒಮ್ಮೆಗೆ ನೂರಕ್ಕಿಂತ ಹೆಚ್ಚು ಪ್ರವಾಸಿಗಳು ಇಳಿಯಕೂಡದು. ಹೊರಗಿನ ಬೀಜವಾಗಲಿ ರೋಗಾಣುವಾಗಲಿ ಹೋಗದಂತೆ ಪಾದರಕ್ಷೆಗಳನ್ನು ತೊಳೆಯಬೇಕು. ಒಂದು ಕಲ್ಲನ್ನೂ ನೆನಪಿಗೆಂದು ತರಕೂಡದು.

ಕಣ್ಣಾರೆ ಕಂಡವನೇ ಕಾಪಾಡಲು ಮುಂದಾಗುವನೆಂದು ಕೆಲವರು ವಾದಿಸುತ್ತಾರೆ. ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೂ ಹಡಗು ಎಣ್ಣೆಯನ್ನು ಸುಡದೆ ಸಾಗದು. ಆ ಹೊಗೆಯೇ ಭೂಮಿಯನ್ನು ಬಿಸಿಮಾಡಿ ಹಿಮವನ್ನು ಕರಗಿಸುವುದರಲ್ಲಿ ಪಾಲುಗೊಳ್ಳುತ್ತದೆ. 2007ರ ನವೆಂಬರಿನಲ್ಲಿ ಎಕ್ಸ್‌ಪ್ಲೋರರ್ ಎಂಬ ಪ್ರವಾಸಿ ಹಡಗು ಹಿಮಕ್ಕೆ ತಾಗಿ ಅಲ್ಲಿಯೇ ಮುಳುಗಿತು. ಅದರಲ್ಲಿದ್ದ 154 ಮಂದಿಯೂ ಬದುಕಿಕೊಂಡರು. ಅದರ ಎಣ್ಣೆ ಮಾತ್ರ ಕಡಲಿಗೆ ಸೇರಿತು. ನೋಡುವವನು ಏನನ್ನೂ ಮುಟ್ಟದಿದ್ದರೂ ಅವನ ಬರವಿಗೆ ಒಂದು ಬೆಲೆಯಿದೆ, ಅದನ್ನು ತೆರುವವರು ಬೇರೆಯವರು. ಹಿಂದಿರುಗಿದ ಮೇಲೆ ತನ್ನ ಬಾಳಿನಲ್ಲಿ ಮಿತವನ್ನು ತಂದುಕೊಳ್ಳದವನಿಗೆ ಆ ವಾದವನ್ನು ಹೂಡುವ ಅಧಿಕಾರವಿಲ್ಲ.

ನಮ್ಮಲ್ಲಿ ಬಹುಮಂದಿ ಆ ಹಡಗನ್ನು ಏರಲಾರೆವು. ಪ್ರಶ್ನೆ ಮಾತ್ರ ನಮ್ಮ ಬಾಗಿಲಲ್ಲೇ ಇದೆ. 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಪ್ಪತಗುಡ್ಡದಿಂದ ಔಷಧಿಯ ಗಿಡವೊಂದನ್ನು ಬೇರುಸಹಿತ ಕಿತ್ತುತರುವವನಿಗೂ, ಹಿಮತೀರದಲ್ಲಿ ಹಕ್ಕಿಯನ್ನು ಮುಟ್ಟಹೋಗುವವನಿಗೂ ಕೊರತೆ ಒಂದೇ: ಒಳಗೊಂದು ಬೇಲಿಯಿಲ್ಲ. ಆ ಬೇಲಿಯನ್ನು ಕಟ್ಟಿಕೊಂಡವನಿಗೆ ಮಾತ್ರ ನೋಡುವ ಹಕ್ಕು ಸಲ್ಲುತ್ತದೆ.